ಬೆಟ್ಟದ ಮೇಲಿಂದ ಮನೆಗೆ

ಟಿಣ್, ಟಿಣ್, ಟಿಣ್. ಗಾಳಿ ಎದ್ದಾಗಲೆಲ್ಲ ನಮ್ಮೂರ ಶಾಲೆಯ ಬಾವುಟದ ಕಂಬಕ್ಕೆ ಹಗ್ಗದ ಕೊಂಡಿ ಬಡಿಯುತ್ತದೆ. ಉತ್ತರ ಡಕೋಟದ ಈ ಬಯಲಿನಲ್ಲಿ ಗಾಳಿ ಏಳದ ದಿನವಿಲ್ಲ; ಆ ಸದ್ದಿಲ್ಲದ ದಿನವೂ ಇಲ್ಲ. ಶಾಲೆಯ ಎದುರು ಮನೆ ಆರ್ಡಿಸ್ ಟ್ವೇಟ್‌ಳದು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಅವಳು ಆ ಸದ್ದು ಕೇಳಿ, ಇವತ್ತು ಹಿಮ ಹಾರುತ್ತದೋ ಇಲ್ಲವೋ, ಬಸ್ಸನ್ನು ಎಷ್ಟು ಬೇಗ ಹೊರಡಿಸಬೇಕು ಎಂದು ತೀರ್ಮಾನಿಸುತ್ತಿದ್ದಳು. ಶಾಲೆಯ ಹಳದಿ ಬಸ್ಸು ಓಡಿಸುವುದು ಅವಳ ಕೆಲಸ. ಮೊದಲು ನಮ್ಮ ಅಣ್ಣಂದಿರನ್ನು, ಆಮೇಲೆ ನಮ್ಮನ್ನು, ಆಮೇಲೆ ಅಣ್ಣಂದಿರ ಮಕ್ಕಳನ್ನು ದೂರದೂರದ ಹೊಲದ ಮನೆಗಳಿಂದ ಎತ್ತಿ ತಂದವಳು ಅವಳೇ. ಸಂಜೆ ಅದೇ ಮನೆಗಳ ಮುಂದೆ ಇಳಿಸಿದವಳೂ ಅವಳೇ.

ಆರ್ಡಿಸ್ ಕುಳ್ಳಿ. ಸೀಟಿನ ಮೇಲೆ ಮಡಚಿದ ಹೊದಿಕೆ ಇಟ್ಟುಕೊಂಡರೆ ಮಾತ್ರ ಅವಳ ಗದ್ದ ಸ್ಟೇರಿಂಗಿಗಿಂತ ಮೇಲೆ ಬರುತ್ತಿತ್ತು. ನಮ್ಮ ಕಡೆಯವರೆಲ್ಲ ಮಾಡುವಂತೆ, ಎದುರು ಬಂದ ಪ್ರತಿ ಗಾಡಿಗೂ ಸ್ಟೇರಿಂಗ್ ಮೇಲಿನ ತೋರುಬೆರಳನ್ನಷ್ಟೇ ಎತ್ತಿ ಇಳಿಸುತ್ತಿದ್ದಳು. ರೈಲು ಹಳಿ ಬಂದರೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಒಂದು ಕೈ ಮೇಲೆತ್ತುತ್ತಿದ್ದಳು. ಆ ಕೈ ಎದ್ದಿತೆಂದರೆ ಹಿಂದಿನ ಸೀಟಿನ ಜಗಳವೂ ಅರ್ಧಕ್ಕೆ ನಿಲ್ಲಬೇಕು. ಎರಡು ಕಡೆಗೂ ಕಿವಿಗೊಟ್ಟು, ರೈಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಸ್ಸು ಮುಂದಕ್ಕೆ ಹೋಗುತ್ತಿದ್ದುದು.

ಒಂದು ಚಳಿಗಾಲದ ಮಧ್ಯಾಹ್ನ, ಮಕ್ಕಳನ್ನು ಮನೆಗೆ ಬಿಡುವ ಹೊತ್ತಿನಲ್ಲಿ ಹಿಮಗಾಳಿ ಎದ್ದಿತು. ಆಕಾಶ ನೀಲಿಯಾಗಿಯೇ ಇತ್ತು, ಆದರೆ ನೆಲದ ಹಿಮವೆಲ್ಲ ಎದ್ದು ಬಸ್ಸನ್ನು ಮುಚ್ಚಿತು. ಮುಂದಿನ ಗಾಜಿನಾಚೆ ಬರೀ ಬಿಳುಪು. ಆರ್ಡಿಸ್ ಬಸ್ಸಿನ ಬಾಗಿಲನ್ನು ತೆರೆದೇ ಇಟ್ಟು, ಬಲಗಡೆಯ ಚಕ್ರದ ಪಕ್ಕದ ಒಣಹುಲ್ಲನ್ನಷ್ಟೇ ನೋಡುತ್ತ ಓಡಿಸಿದಳು. "ಮುಂದಿನ ಮನೆ ಯಾರದು, ಹೇಳ್ರೋ. ಜೋರಾಗಿ," ಎಂದಳು. ನಾವು ಮಕ್ಕಳೆಲ್ಲ ಹಾದಿಯ ಮನೆಗಳನ್ನು ಒಂದೊಂದಾಗಿ ಕೂಗಿದೆವು. ಕೂಗಿದ ಮನೆ ಬಂತು, ಒಂದು ಮಗು ಇಳಿಯಿತು, ಮತ್ತೆ ಕೂಗಿದೆವು. ಅಷ್ಟು ಬಿಳುಪಿನೊಳಗೂ ಯಾರಿಗೂ ಅಳು ಬರಲಿಲ್ಲ, ಕೂಗುವ ಕೆಲಸವಿತ್ತಲ್ಲ. ಎಲ್ಲರೂ ಮನೆ ಸೇರಿದೆವು.

ಇಂಥ ಹೆಂಗಸಿನ ಹೆಸರು ನಮ್ಮೂರಲ್ಲಿ ಬಳಕೆಯಾಗುತ್ತಿದ್ದದ್ದು ಮಾತ್ರ ಬೇರೆಯೇ ಕಾರಣಕ್ಕೆ. ಯಾರಾದರೂ ಅರ್ಧ ದಾರಿಗೆ ಹೋಗಿ ಹೆದರಿ ವಾಪಸು ಬಂದರೆ, ಹರಾಜಿನಲ್ಲಿ ಕೈ ಎತ್ತಿ ಕೊನೆಗಳಿಗೆಯಲ್ಲಿ ಇಳಿಸಿದರೆ, ಮದುವೆಗೆ ಒಪ್ಪಿ ಆಮೇಲೆ ಒಲ್ಲೆನೆಂದರೆ, "ಆರ್ಡಿಸ್ ಹೊಡ್ದ" ಎನ್ನುತ್ತಿದ್ದರು. ಅವಳ ಎದುರಿಗೇ ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು.

ಅದರ ಹಿಂದಿನ ಕತೆ ಇಷ್ಟು. ಮದುವೆಯಾದ ಬೇಸಿಗೆಯಲ್ಲಿ ಆರ್ಡಿಸ್ ಮತ್ತು ಅವಳ ಗಂಡ ವರ್ಲಿನ್ ಮೊಂಟಾನದ ಬೆಟ್ಟಗಳನ್ನು ನೋಡಲು ಹೋದರು. ತಗ್ಗಿನ ಕಣಿವೆಯ ಹೆದ್ದಾರಿಯಲ್ಲಿ ಪಶ್ಚಿಮದ ಮಗ್ಗುಲಿಗೆ ಹೋಗುವುದು, ಬರುವಾಗ ಬೆಟ್ಟದ ನೆತ್ತಿಯ ಮೇಲಿಂದಲೇ ಹಾದು ಮನೆಗೆ ಬರುವುದು ಎಂದು ಅವರ ಯೋಜನೆ. ನೆತ್ತಿಯ ಹಾದಿಗೆ ಸೂರ್ಯನತ್ತ ಹೋಗುವ ರಸ್ತೆ ಎಂದೇ ಹೆಸರು. ಪಶ್ಚಿಮದಿಂದ ಹತ್ತುವವರಿಗೆ ಅದರಲ್ಲಿ ಸಿಗುವುದು ಪ್ರಪಾತದ ಕಡೆಯ ಅಂಚು. ಚಕ್ರದ ಪಕ್ಕ ಮೊಣಕಾಲುದ್ದದ ಕಲ್ಲಿನ ಗೋಡೆ, ಅದರಾಚೆ ಗಾಳಿ. ಕತ್ತರಿ ತಿರುವು ದಾಟಿದ್ದೇ ಆರ್ಡಿಸ್ ಕಾರಿನ ಬಾಗಿಲು ತೆರೆದು ಇಳಿದುಬಿಟ್ಟಳು. ರಸ್ತೆ ದಾಟಿ, ಆ ಬದಿಯ ಬಂಡೆಗೆ ಕೈ ಒತ್ತಿಕೊಂಡು, ಕೆಳಗಿನ ಕಡೆಗೆ ನಡೆಯತೊಡಗಿದಳು. ವರ್ಲಿನ್ ಕಾರನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ, ಹಿಂದಿದ್ದವರ ಹಾರನ್, ಬೈಗುಳಗಳನ್ನು ಕೇಳಿಸಿಕೊಳ್ಳುತ್ತ, ಅಗಲವಾದ ಜಾಗ ಸಿಕ್ಕಾಗ ತಿರುಗಿಸಿಕೊಂಡ. ತಗ್ಗಿನ ಹೆದ್ದಾರಿಯಲ್ಲೇ ಮನೆಗೆ ಬಂದರು. ಹಿಂದಿದ್ದ ಕಾರುಗಳಲ್ಲೊಂದು ನಮ್ಮ ಪಕ್ಕದೂರಿನವರದಾಗಿತ್ತು. ಹೊಸ ಮದುಮಕ್ಕಳಿಗಿಂತ ಮುಂಚೆ ಸುದ್ದಿ ಊರು ಸೇರಿತ್ತು.

ಈಚೆಗೆ ಒಂದು ವಸಂತದಲ್ಲಿ, ಮಕ್ಕಳು ಸಾಲದೆ, ನಮ್ಮೂರ ಶಾಲೆಯನ್ನು ಮುಚ್ಚಿದರು. ಆರ್ಡಿಸ್‌ಗೆ ಚರ್ಚಿನ ನೆಲಮಾಳಿಗೆಯಲ್ಲಿ ಬೀಳ್ಕೊಡುಗೆ ಏರ್ಪಾಡಾಯಿತು. ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಕಾಯಿ, ಹಳದಿ ಬಸ್ಸಿನ ಆಕಾರದ ಕೇಕು, ದೊಡ್ಡ ಹಂಡೆಯ ತುಂಬ ತಿಳಿ ಕಾಫಿ. ಧಾನ್ಯದ ಉಗ್ರಾಣದ ಮ್ಯಾನೇಜರ್ ಗೇಲನ್ ಎದ್ದು ನಿಂತು ಲೋಟ ಎತ್ತಿದ.

"ಎಂಥ ಹಿಮಗಾಳಿಗೂ ಬಸ್ಸು ತಿರುಗಿಸದ ಹೆಂಗಸು ಕಣ್ರಪ್ಪಾ ಇವಳು! ಜೀವಮಾನದಲ್ಲಿ ಹಿಂದಕ್ಕೆ ತಿರುಗಿಸಿದ್ದು ಒಂದನ್ನೇ, ಗಂಡನ್ನ!"

ನೆಲಮಾಳಿಗೆ ನಗುವಿನಿಂದ ತುಂಬಿತು. ಆರ್ಡಿಸ್ ನಕ್ಕಳು. ಕೇಕಿನ ಮುಂದಿನ ಚಕ್ರವನ್ನು ಕತ್ತರಿಸಿ ಗೇಲನ್ನನ ತಟ್ಟೆಗೆ ಹಾಕಿದಳು.

ಮನೆಗೆ ಬಂದು ಪಾತ್ರೆ ತೊಳೆಯುವಾಗ ಮಾತ್ರ ಅವಳು ಬಹಳ ಹೊತ್ತು ಒಂದೇ ಪಾತ್ರೆಯನ್ನು ತಿಕ್ಕಿದಳು.

"ವರ್ಲಿನ್, ಔಷಧಿ ಹೊಡ್ದಾದ್ಮೇಲೆ, ಕೊಯ್ಲಿಗೆ ಮುಂಚೆ, ಒಂದು ವಾರ ಬಿಡುವು ಸಿಗತ್ತಲ್ಲ?"

"ಸಿಗಬೋದು. ಯಾಕೆ?"

"ಬೆಟ್ಟದ ಮೇಲಿಂದ ಮನೆಗೆ ಬರೋಣ."

ವರ್ಲಿನ್ ತಟ್ಟೆ ಒರೆಸುವುದನ್ನು ನಿಲ್ಲಿಸಿದ. ಅವನು ಮಾತು ಕಡಿಮೆಯ ಮನುಷ್ಯ. ಗೋಧಿಯ ಬೆಲೆ ಬಿದ್ದರೂ ಏರಿದರೂ "ಹ್ಞೂಂ" ಎನ್ನುವವನು. "ಗೇಲನ್ ಮಾತು ಮನಸ್ಸಿಗೆ ಹಚ್ಕೊಂಡ್ಯಾ? ಅವನು ಹಾಗೇ ಕಣೇ."

"ಅವನು ಹಾಗೇ, ಊರೂ ಹಾಗೇ. ಇಷ್ಟು ದಿನ ಬೆಳಗಾದ್ರೆ ಬಸ್ಸಿರ್ತಿತ್ತು, ಏನೂ ಅನ್ನಿಸ್ತಿರಲಿಲ್ಲ. ಇನ್ಮೇಲೆ ಬಸ್ಸಿಲ್ಲ. ಈ ಊರಲ್ಲಿ ನಾನು ಉಳಿಸಿ ಹೋಗೋದು ಆ ಒಂದು ಮಾತು ಮಾತ್ರ ಅಂದ್ರೆ ನಾನು ಒಪ್ಪಲ್ಲ."

"ಸರಿ. ನಾನು ಓಡಿಸ್ತೀನಿ, ನೀನು ಕಣ್ಣು ಮುಚ್ಕೊಂಡು ಕೂತಿರು."

"ಓಡಿಸೋದು ನಾನು. ಬುಡದಿಂದ ನೆತ್ತಿವರೆಗೂ ನಾನೇ. ನಡುವೆ ನೀನೇನಾದ್ರೂ ಸ್ಟೇರಿಂಗಿಗೆ ಕೈ ಹಾಕಿದ್ಯೋ, ಅಲ್ಲಿಂದ ಮನೆಗೆ ನಡ್ಕೊಂಡೇ ಬರ್ತೀನಿ."

"ನಡ್ಕೊಂಡು ಬರೋದು ನಿನಗೆ ಅಭ್ಯಾಸ ಇದ್ಯಲ್ಲ."

ಒದ್ದೆ ಬಟ್ಟೆ ಅವನ ಕಿವಿಗೆ ಬಿತ್ತು.

ಜುಲೈನ ಒಂದು ಬೆಳಿಗ್ಗೆ ಪಿಕಪ್ಪಿನಲ್ಲಿ ಹೊರಟರು. ಮೊಟ್ಟೆಯ ಸ್ಯಾಂಡ್‌ವಿಚ್, ರುಬಾರ್ಬ್ ದಂಟು ಹಾಕಿ ಬೇಯಿಸಿದ ಹುಳಿಸಿಹಿ ಬಿಲ್ಲೆಗಳು, ಫ್ಲಾಸ್ಕಿನಲ್ಲಿ ಕಾಫಿ, ವರ್ಲಿನ್‌ಗೆ ಜಗಿಯಲು ಒಂದು ಚೀಲ ಸೂರ್ಯಕಾಂತಿ ಬೀಜ. ಆರ್ಡಿಸ್ ಬಸ್ಸಿನ ಹೊದಿಕೆಯನ್ನು ಪಿಕಪ್ಪಿನ ಸೀಟಿಗೆ ಹಾಸಿಕೊಂಡಳು.

ಅಗಸೆ ಹೂಬಿಟ್ಟ ಕಾಲ. ಬೆಳಗಿನ ಹೊತ್ತು ಹೊಲಗಳೆಲ್ಲ ನೀಲಿ ಕೆರೆಗಳಾಗಿದ್ದವು. ಗಾಳಿ ಬೀಸಿದರೆ ಕೆರೆಗಳಲ್ಲಿ ಅಲೆ. ಮಧ್ಯಾಹ್ನವಾಗುತ್ತಲೇ ಪಕಳೆ ಉದುರಿ ಕೆರೆಗಳೆಲ್ಲ ಮಾಯವಾಗಿ ಬರೀ ಹಸಿರು ಉಳಿಯಿತು. ಆಮೇಲೆ ಗೋಧಿ, ಮಸೂರು, ಮತ್ತೆ ಗೋಧಿ. ಒಂದೊಂದು ಊರೂ ಮೊದಲು ಗೋಪುರದಂಥ ಧಾನ್ಯದ ಉಗ್ರಾಣವಾಗಿ ದಿಗಂತದಲ್ಲಿ ಮೊಳೆಯುತ್ತಿತ್ತು, ಬಹಳ ಹೊತ್ತಿನ ಮೇಲೆ ಊರಾಗುತ್ತಿತ್ತು, ಆಮೇಲೆ ಹಿಂದಿನ ಕನ್ನಡಿಯಲ್ಲಿ ಮತ್ತೆ ಮೊಳಕೆಯಾಗುತ್ತಿತ್ತು. ಆರ್ಡಿಸ್ ಎದುರಿನ ಗಾಡಿಗಳಿಗೆ ಬೆರಳೆತ್ತುತ್ತ ಹೋದಳು. ಡಕೋಟದ ಗಡಿ ದಾಟಿದ ಮೇಲೂ ಉತ್ತರ ಬರುತ್ತಿತ್ತು.

ಒಂದು ಊರಿನಲ್ಲಿ ಪೆಟ್ರೋಲಿಗೆಂದು ಹೆದ್ದಾರಿ ಬಿಟ್ಟಾಗ ರೈಲು ಹಳಿ ಅಡ್ಡ ಬಂತು. ಆರ್ಡಿಸ್ ಪಿಕಪ್ ನಿಲ್ಲಿಸಿ, ಬಾಗಿಲು ತೆರೆದು, ಕೈ ಎತ್ತಿದಳು. ಹಿಂದಿನ ಲಾರಿಯವನು ಹಾರನ್ ಬಾರಿಸಿದ.

ವರ್ಲಿನ್ ಖಾಲಿ ಹಿಂದಿನ ಸೀಟಿನ ಕಡೆ ತಿರುಗಿ, "ಮಕ್ಕಳೇ, ಗಲಾಟೆ ಮಾಡ್ಬೇಡಿ," ಎಂದ.

"ನಗು. ನಿನಗೇನು."

"ನಾನೆಲ್ಲಿ ನಕ್ಕೆ? ಕೈ ಕೆಳಗಿಳ್ಸು, ಆ ಲಾರಿಯವ್ನು ನೀನು ಪ್ರಾರ್ಥನೆ ಮಾಡ್ತಿದೀಯ ಅನ್ಕೊಂಡಿದ್ದಾನೆ."

ಮಾರನೆಯ ದಿನ ಪಶ್ಚಿಮದ ಅಂಚಿನಲ್ಲಿ ಒಂದು ನೀಲಿ ಗೆರೆ ಎದ್ದಿತು. ವರ್ಲಿನ್ ಅದನ್ನು ಮೋಡವೆಂದ. ಗೆರೆ ಗಟ್ಟಿಯಾಗುತ್ತ ಬಂತು, ಹಲ್ಲುಗಳು ಮೂಡಿದವು, ಹಲ್ಲುಗಳ ಸಂದಿಯಲ್ಲಿ ಬಿಳುಪು ಕಂಡಿತು. ಆರ್ಡಿಸ್ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದಳು. ತಗ್ಗಿನ ಕಣಿವೆಯಲ್ಲಿ ನುಗ್ಗಿ ಬೆಟ್ಟದ ಪಶ್ಚಿಮದ ಮಗ್ಗುಲು ಸೇರಿದರು. ಅಂದು ರಾತ್ರಿ ಊಟದ ತಟ್ಟೆಯಲ್ಲಿ ಅವಳು ಮೀನನ್ನು ಕೆದಕಿದಳೇ ಹೊರತು ತಿನ್ನಲಿಲ್ಲ.

"ನಾಳೆ ಇನ್ನೂ ತಗ್ಗಿನ ದಾರಿ ಇದೆ," ಎಂದ ವರ್ಲಿನ್, ತಲೆ ಎತ್ತದೆ.

"ಇರ್ಲಿ ಬಿಡು. ಅದು ಎಲ್ಲೂ ಹೋಗಲ್ಲ."

ಬೆಳಿಗ್ಗೆ ಹೊರಟಾಗ ಮೊದಲು ಸರೋವರ, ಆಮೇಲೆ ದೇವದಾರು ಕಾಡು. ನೆರಳಿನಲ್ಲಿ ರಸ್ತೆ ತಣ್ಣಗಿತ್ತು. ಎದುರು ಬರುವ ಕಾರುಗಳಿಗೆ ಆರ್ಡಿಸ್ ಬೆರಳೆತ್ತಿದಳು; ಒಬ್ಬರೂ ಉತ್ತರ ಕೊಡಲಿಲ್ಲ. ಕೆಲವರು ಗಾಬರಿಯಿಂದ ತಮ್ಮ ಗಾಡಿಯಲ್ಲೇ ಏನಾದರೂ ಕೆಟ್ಟಿದೆಯೇ ಎಂದು ನೋಡಿಕೊಂಡರು. ಕಾಡು ಮುಗಿಯಿತು. ಕತ್ತರಿ ತಿರುವು ಬಂತು. ಅದನ್ನು ದಾಟಿದ್ದೇ ಬಲಗಡೆ ನೆಲವೆಂಬುದು ನಿಂತುಹೋಯಿತು.

ನಮ್ಮ ಬಯಲಿನವರ ಕಣ್ಣಿಗೆ ದೂರಕ್ಕೆ ಓಡುವ ಚಾಳಿ. ನಮ್ಮಲ್ಲಿ ಗಾಡಿ ಓಡಿಸುವುದೆಂದರೆ ಎಲ್ಲೋ ತುದಿಯಲ್ಲಿರುವ ಉಗ್ರಾಣವನ್ನು ನೋಡುತ್ತ ಕೂರುವುದು. ಕಣ್ಣು ಹೋದ ಕಡೆಗೆ ಕೈ, ಕೈ ಹೋದ ಕಡೆಗೆ ಗಾಡಿ. ಬಯಲಿನಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಬೆಟ್ಟದಲ್ಲಿ ಕಣ್ಣು ಹೋಗುವ ದೂರವೆಂದರೆ ಪ್ರಪಾತ. ಆರ್ಡಿಸ್‌ಳ ಕಣ್ಣು ಕಣಿವೆಗೆ ಜಾರಿತು, ಅಲ್ಲಿ ಕೆಳಗೆ ನೂಲಿನಂತೆ ಹೊಳೆಯುತ್ತಿದ್ದ ಹೊಳೆಗೆ ಜಾರಿತು. ಪಿಕಪ್ಪೂ ಕಲ್ಲಿನ ಗೋಡೆಯ ಕಡೆ ಸರಿಯಿತು. ವರ್ಲಿನ್‌ನ ಕೈ ತೊಡೆಯ ಮೇಲಿಂದ ಎದ್ದಿತು; ಎದ್ದ ಕೈಯನ್ನು ಅವನೇ ಇನ್ನೊಂದು ಕೈಯಿಂದ ಹಿಡಿದುಕೊಂಡ.

ಮುಂದೆ ಸ್ವಲ್ಪ ಅಗಲದ ಜಾಗವಿತ್ತು. ಅವಳು ಅಲ್ಲಿಗೆ ಪಿಕಪ್ ಎಳೆದು ನಿಲ್ಲಿಸಿದಳು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಕಾರುಗಳು ಪಕ್ಕದಲ್ಲಿ ಹಾದುಹೋದವು. ಇಲ್ಲಿ ತಿರುಗಿಸಿಕೊಳ್ಳಬಹುದಿತ್ತು. ಹಾರನ್ ಬಾರಿಸುವವರು ಯಾರೂ ಇರಲಿಲ್ಲ, ಗುರುತಿನವರೂ ಇರಲಿಲ್ಲ. ತಿರುಗಿಸಿಕೊಂಡರೆ ಊರಿಗೆ ಗೊತ್ತಾಗುವುದೂ ಇಲ್ಲ. ವರ್ಲಿನ್ ಸಾಯುವವರೆಗೂ ಬಾಯಿಬಿಡುವವನಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ವರ್ಲಿನ್ ಕಿಟಕಿಯಾಚೆ ಬಂಡೆಯ ಮೇಲೆ ನಿಂತ ಬಿಳಿ ಕಾಡುಮೇಕೆಯನ್ನು ಬಹಳ ಆಸ್ಥೆಯಿಂದ ನೋಡತೊಡಗಿದ.

ಆರ್ಡಿಸ್ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕುಡಿದಳು.

"ಹಿಮಗಾಳಿ ಎದ್ದಿದೆ," ಎಂದಳು.

ವರ್ಲಿನ್ ಬಿಸಿಲನ್ನು ನೋಡಿದ, ಅವಳನ್ನು ನೋಡಿದ. "ಏನಂದೆ?"

"ಹಿಮಗಾಳಿ ಅನ್ಕೋ. ಆಚೆ ಕಣಿವೆ ಇಲ್ಲ, ಬೆಟ್ಟ ಇಲ್ಲ, ಏನೂ ಕಾಣ್ತಾ ಇಲ್ಲ. ಚಕ್ರದ ಪಕ್ಕ ಒಂದು ಬಿಳಿ ಗೆರೆ ಇದೆ, ಅಷ್ಟೇ ಇರೋದು. ಮಕ್ಕಳ ಕೆಲಸ ನೀನು ಮಾಡ್ಬೇಕು. ಹಾದಿ ಹೇಳು."

ವರ್ಲಿನ್‌ಗೆ ಅರ್ಥವಾಯಿತು. ಟೋಪಿಯನ್ನು ಸರಿಮಾಡಿಕೊಂಡು ಕೂತ. ಅವಳು ಕಿಟಕಿಯ ಗಾಜು ಇಳಿಸಿ, ಗಾಡಿಯನ್ನು ರಸ್ತೆಗೆ ತಂದು, ಕಣ್ಣನ್ನು ಬಿಳಿ ಗೆರೆಯ ಮೇಲೆ ಇಟ್ಟಳು. ಒಂದು ಗಾಡಿಯುದ್ದದಷ್ಟು ರಸ್ತೆ. ಅದು ಮುಗಿದರೆ ಇನ್ನೊಂದು ಗಾಡಿಯುದ್ದ.

"ಹೋವ್‌ಲಂಡ್ ಮನೆ," ಎಂದ ವರ್ಲಿನ್. "ಪೋಸ್ಟ್ ಡಬ್ಬಿ ಮೇಲೆ ಬಾತುಕೋಳಿ. ಇಬ್ರು ಹುಡುಗ್ರು."

"ಹತ್ತಿದ್ರು. ಮುಂದೆ?"

"ಕೆರೆ ತಿರುವು. ಬಲಕ್ಕೆ ಆಮೊಟ್ ಮನೆ. ಬೊಗಳೋ ನಾಯಿ."

"ಆ ನಾಯಿ ಸತ್ತು ಎಷ್ಟು ವರ್ಷ ಆಯ್ತೋ."

"ನಮ್ ಬಸ್ಸಿಗೆ ಇನ್ನೂ ಬೊಗಳ್ತಾ ಇದೆ."

ಎಡಗಡೆಯ ಬಂಡೆಯಿಂದ ಕರಗಿದ ಹಿಮ ಜರಡಿಯಲ್ಲಿ ಸೋಸಿದಂತೆ ಸುರಿಯುತ್ತಿತ್ತು. ಗಾಳಿಗೆ ಹನಿಗಳು ಗಾಜಿನ ಮೇಲೆ ಚೆಲ್ಲಿದವು. ಅವಳು ವೈಪರ್ ಹಾಕಿದಳು, ಕಣ್ಣು ಎತ್ತಲಿಲ್ಲ. ಹಾದಿ ಏರುತ್ತ ಹೋಯಿತು. ಕಿವಿ ಕಟ್ಟಿತು, ಬಿಟ್ಟಿತು. ಬಯಲಿನ ಮನೆಗಳು ಒಂದೊಂದಾಗಿ ಆ ಬೆಟ್ಟದ ಅಂಚಿಗೆ ಬಂದು ನಿಂತವು. ಅವುಗಳ ಗಾಳಿತಡೆಯ ಮರಸಾಲುಗಳು, ತಗಡಿನ ಕಣಜಗಳು, ಅಂಗಳದಲ್ಲಿ ಒಣಹಾಕಿದ ಬಟ್ಟೆ, ಎಲ್ಲವೂ ಬಂದವು. ಪ್ರಪಾತಕ್ಕೆ ಜಾಗವೇ ಉಳಿಯಲಿಲ್ಲ.

"ಜಲ್ಲಿ ರಸ್ತೆ ಮುಗೀತು. ಎಡಕ್ಕೆ ತಿರುಗು. ಸ್ಲೆಟನ್ ಮನೆ," ಎಂದ ವರ್ಲಿನ್.

"ಏನಂದೆ?"

"ಸ್ಲೆಟನ್."

"ಸ್ಲೆಟನ್ ಹೇಗೆ ಬರತ್ತೆ? ಮೊದಲು ಬ್ಯಾಕೆನ್!"

"ಸ್ಲೆಟನ್ ಮೊದಲು."

"ಬಸ್ ಓಡಿಸಿದ್ದು ನೀನಾ ನಾನಾ? ಬ್ಯಾಕೆನ್ ಮನೆ ದಾಟ್ದೇ ಸ್ಲೆಟನ್‌ಗೆ ಹಾರಿ ಹೋಗ್ತೀಯಾ? ಆ ಮೂರು ಹೆಣ್ಮಕ್ಕಳು ಚಳೀಲಿ ನಿಂತಿರ್ತಿದ್ವು, ಕೊನೇದಕ್ಕೆ ಯಾವಾಗ್ಲೂ ಒಂದು ಕೈಗವಸು ಇರ್ತಿರಲಿಲ್ಲ, ಅವರನ್ನ ಬಿಟ್ಟು ಹೋಗ್ತೀಯಾ?"

"ನನಗೆ ನೆನಪಿರೋ ಹಾಗೆ ಸ್ಲೆಟನ್ನೇ ಮೊದಲು."

"ನಿನ್ನ ನೆನಪಿಗಿಷ್ಟು ಬೆಂಕಿ ಹಾಕ! ನಲವತ್ತು ವರ್ಷದಿಂದ ಅದೇ ಊರಲ್ಲಿದೀಯ, ಯಾರ ಮನೆ ಎಲ್ಲಿದೆ ಗೊತ್ತಿಲ್ಲ, ಗೋಧಿ ಎಲ್ಲಿ ಬಿತ್ತಿದೀಯ ಅದಾದ್ರೂ ಗೊತ್ತಾ?"

ಆ ಹೊತ್ತಿಗೆ ರಸ್ತೆ ಎಲ್ಲಕ್ಕಿಂತ ಕಿರಿದಾದ ಜಾಗಕ್ಕೆ ಬಂದಿತ್ತು. ಎದುರಿನಿಂದ ಕೆಂಪು ಪ್ರವಾಸಿ ಬಸ್ಸೊಂದು ಬಂಡೆಯ ಮೂಲೆಯನ್ನು ಸುತ್ತಿಕೊಂಡು ಬಂತು. ಆರ್ಡಿಸ್ ಬೈಯುತ್ತಲೇ ಪಿಕಪ್ಪನ್ನು ಕಲ್ಲುಗೋಡೆಯ ಕಡೆಗೆ ಒಂದು ಗೇಣು ಸರಿಸಿ, ಬಿಳಿ ಗೆರೆಯ ಮೇಲೆ ಚಕ್ರ ಕೂರಿಸಿ, ನಿಧಾನವಾಗಿ ದಾಟಿಸಿದಳು. ಎರಡು ಗಾಡಿಗಳ ಕನ್ನಡಿಗಳ ನಡುವೆ ಒಂದು ಅಂಗೈ ಜಾಗವಿತ್ತು. ಕೆಂಪು ಬಸ್ಸಿನ ಚಾಲಕಿ, ನರೆತ ಜಡೆಯವಳು, ಹೋಗುವಾಗ ಸ್ಟೇರಿಂಗಿನ ಮೇಲಿನ ತೋರುಬೆರಳು ಎತ್ತಿದಳು. ಆರ್ಡಿಸ್ ಅದನ್ನು ನೋಡಿದಳೋ ಇಲ್ಲವೋ. ಅವಳಿನ್ನೂ ಬ್ಯಾಕೆನ್ ಮನೆಯ ಮುಂದೆಯೇ ಇದ್ದಳು.

"ಅವರಮ್ಮನ್ನ ಬೇಕಾದ್ರೆ ಕೇಳು, ಫೋನ್ ಮಾಡಿ ಕೇಳು..."

"ಆರ್ಡಿಸ್."

"ಏನು?"

"ಬಂದ್ಬಿಟ್ವಿ ಕಣೇ."

ಅವಳು ಆಗ ಕಣ್ಣೆತ್ತಿದಳು. ರಸ್ತೆ ಸಮವಾಗಿತ್ತು. ಎರಡೂ ಕಡೆ ಹುಲ್ಲುಗಾವಲು, ಅಲ್ಲಲ್ಲಿ ಹಳೆಯ ಹಿಮದ ತೇಪೆ, ಹಿಮದ ಅಂಚನ್ನೇ ಸೀಳಿಕೊಂಡು ಎದ್ದ ಹಳದಿ ಹೂಗಳು. ಅದು ನೆತ್ತಿ. ಅಲ್ಲಿಂದ ಮುಂದೆ ನೀರೆಲ್ಲ ಪೂರ್ವಕ್ಕೆ, ನಮ್ಮ ಕಡೆಗೆ ಹರಿಯುತ್ತದೆ.

ಗಾಡಿಗಳ ನಡುವೆ ಜಾಗ ಹುಡುಕಿ ನಿಲ್ಲಿಸಿದಳು. ಇಳಿದು ಮುಂದಕ್ಕೆ ಬಂದಳು. ಕುದುರೆಯ ಕುತ್ತಿಗೆಯನ್ನು ತಟ್ಟುವಂತೆ ಪಿಕಪ್ಪಿನ ಬಿಸಿ ಮೂತಿಯನ್ನು ಎರಡು ಸಲ ತಟ್ಟಿದಳು. ಆಮೇಲೆ ಹತ್ತಿಬಂದ ಕಣಿವೆಯ ಕಡೆಗೆ ಹೋಗಿ, ಅಂಚಿನ ಕಲ್ಲಿಗೆ ಹೊಟ್ಟೆ ತಾಗುವಂತೆ ನಿಂತು, ಕೆಳಗೆ ನೋಡಿದಳು. ಎಲ್ಲವನ್ನೂ ನೋಡಿದಳು: ಹೊಳೆಯನ್ನು, ಕಾಡನ್ನು, ಬಂಡೆಯ ಮೈಗೆ ಗೀಚಿದಂತಿದ್ದ ರಸ್ತೆಯನ್ನು, ಅದರ ಮೇಲಿನ ಇರುವೆಯಂಥ ಗಾಡಿಗಳನ್ನು. ಒಂದು ಮೋಡದ ನೆರಳು ಕಣಿವೆಯೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಬಸ್ಸಿನಲ್ಲೂ ಎಂದೂ ದನಿ ಏರಿಸದಿದ್ದ ಹೆಂಗಸು ಎರಡು ಕೈಯನ್ನೂ ಬಾಯಿಗೆ ಹಿಡಿದಳು.

"ಏಯ್ ಗೇಲನ್!"

ಬೆಟ್ಟಗಳು ಅವನ ಹೆಸರನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ಸುತ್ತಲಿನ ಜನ ತಿರುಗಿ ನೋಡಿದರು. ಯಾರೋ ಕಳೆದುಹೋಗಿದ್ದಾರೆಂದು ಒಬ್ಬ ಮುದುಕ ಗಾಬರಿಯಾದ. ವರ್ಲಿನ್ ನಕ್ಕು ನಕ್ಕು ಸೂರ್ಯಕಾಂತಿ ಬೀಜ ಗಂಟಲಿಗೆ ಸಿಕ್ಕಿ ಕೆಮ್ಮಿದ. ಅವಳು ಅವನ ಬೆನ್ನಿಗೆ ಗುದ್ದಿದಳು.

"ಬೇಕಂತಲೇ ತಪ್ಪು ಹೇಳಿದೆ ತಾನೇ?"

"ಏನನ್ನ?"

"ಸ್ಲೆಟನ್."

"ಸ್ಲೆಟನ್ನೇ ಮೊದಲು ಕಣೇ," ಎಂದ ವರ್ಲಿನ್, ಕಣ್ಣೊರೆಸಿಕೊಳ್ಳುತ್ತ. ಇವತ್ತಿಗೂ ಅವನು ಹಾಗೆಯೇ ಹೇಳುತ್ತಾನೆ.

ಪಿಕಪ್ಪಿನಿಂದ ಎರಡು ಗಾಡಿಯಾಚೆ, ಕಟ್ಟೆಯ ಮೇಲೆ ಒಬ್ಬ ಎತ್ತರದ ಮನುಷ್ಯ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿ ಕೂತಿದ್ದ. ಬೀಜದ ಕಂಪನಿಯ ಟೋಪಿ, ಬಿಸಿಲಿಗೆ ಬೆಂದ ಕುತ್ತಿಗೆ. ಕಾರಿನ ನಂಬರ್ ಫಲಕದ ಮೇಲೆ ನೆಬ್ರಾಸ್ಕದ ಹೆಸರಿತ್ತು. ಬಯಲಿನವನೇ. ಅವನ ತಾಯಿ, ತಲೆಗೆ ವಸ್ತ್ರ ಕಟ್ಟಿಕೊಂಡವಳು, ಬೀಗದ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಲೋಯೆಲ್, ಏಳೋ. ರಾತ್ರಿವರೆಗೂ ಇಲ್ಲೇ ಕೂರೋಕಾಗತ್ತಾ?"

"ನಾನು ಇಳ್ಸಲ್ಲಮ್ಮಾ. ಹತ್ತಿದ್ದೇ ಹೆಚ್ಚು. ನನ್ ಕೈಲಾಗಲ್ಲ."

ತಾಯಿ ಆರ್ಡಿಸ್‌ಳ ಕಡೆ ನೋಡಿ ನಾಚಿಕೆಯಿಂದ ನಕ್ಕಳು. "ನೋಡಿ ಹೆಂಗೆ. ಅಲ್ಲಿ ಕೊಯ್ಲಿನ ಯಂತ್ರದ ನೆತ್ತಿ ಮೇಲೆ ನಿಂತು ಸಿಳ್ಳೆ ಹಾಕ್ತಾನೆ. ಇಲ್ಲಿ ಕರು ಥರ ಕೂತಿದ್ದಾನೆ, ನನಗೋ ಓಡ್ಸೋಕೆ ಬರಲ್ಲ. ಊರಲ್ಲಿ ಹೇಳಿದ್ರೆ ನಗ್ತಾರೆ."

"ಹಾಗಾದ್ರೆ ಊರಲ್ಲಿ ಹೇಳ್ಬೇಡಿ," ಎಂದಳು ಆರ್ಡಿಸ್. ಅವಳ ದನಿಯಲ್ಲಿ ನಗುವಿರಲಿಲ್ಲ. "ಪೂರ್ವಕ್ಕೆ ತಾನೇ ಇಳಿಯೋದು? ನಾವೂ ಅಲ್ಲಿಗೇ. ಕೊಡಿ ಆ ಬೀಗದ ಕೈ."

ತಾಯಿ ಈ ಕುಳ್ಳ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮಗೆ ಬೆಟ್ಟದ ರಸ್ತೆ ಅಭ್ಯಾಸ ಇದ್ಯಾ?"

"ಈಗ ಇದೆ."

ಆರ್ಡಿಸ್ ಪಿಕಪ್ಪಿನ ಬೀಗದ ಕೈಯನ್ನು ವರ್ಲಿನ್‌ನ ಕಡೆಗೆ ಎಸೆದಳು. ಅವನು ಅದನ್ನು ಎದೆಗೆ ಹಿಡಿದುಕೊಂಡ.

"ನೀನು ಹಿಂದೆ ಬಾ. ಅಂಟ್ಕೊಂಡು ಬರ್ಬೇಡ, ಜಾಗ ಬಿಡು."

"ಊಟ ಮಾಡ್ಕೊಂಡು ಹೋಗೋಣ ಅಂದಿದ್ಯಲ್ಲೇ?"

ಅವಳು ಆಗಲೇ ಹೊರಟಿದ್ದಳು. ದೊಡ್ಡ ದೇಹದ ಲೋಯೆಲ್‌ನ ತೋಳು ಹಿಡಿದು ಎಬ್ಬಿಸಿ, ಅವನನ್ನು ಪಕ್ಕದಲ್ಲೇ ನಡೆಸಿಕೊಂಡು ಕಾರಿನ ಕಡೆಗೆ ಹೋಗುತ್ತ ಹೇಳುತ್ತಿದ್ದಳು, "ಬಾರಪ್ಪ, ಮುಂದೆ ನನ್ ಪಕ್ಕ ಕೂತ್ಕೋ, ಆಚೆ ನೋಡ್ಬೇಡ, ನಿಮ್ಮೂರಿಂದ ನಿನ್ ಮನೆಗೆ ಹೋಗೋ ದಾರಿ ಇದ್ಯಲ್ಲ, ಅದನ್ನ ಹೇಳು ನನಗೆ, ಮೊದಲನೇ ಮನೆ ಯಾರದು, ಅವರ ಅಂಗಳದಲ್ಲಿ ಏನಿದೆ, ಅದಾದ್ಮೇಲೆ ಎಡಕ್ಕೋ ಬಲಕ್ಕೋ, ಅಲ್ಲಿಂದ ಮುಂದೆ ಯಾರ ಮನೆ, ಜೋರಾಗಿ ಹೇಳು."